ನಾನು ಉಜ್ಜಿದ ತಾಮ್ರದ ತಗಡು

ನಮ್ಮ ಡ್ರಾಯಿಂಗ್ ಮೇಡಂ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಮೈಸೂರಿನಲ್ಲಿ ಅವರ ಮುದ್ರಣ ಚಿತ್ರಗಳನ್ನೆಲ್ಲ ಒಂದು ಕಡೆ ಸೇರಿಸಿ ತೂಗುಹಾಕಿದ್ದರು. ಸಾಲಿನ ಕೊನೆಯಲ್ಲಿದ್ದ ಚಿತ್ರವನ್ನು ಕೊಟ್ಟವಳು ನಾನು. ಹೆಂಗಸೊಬ್ಬಳು ಹಿತ್ತಿಲಲ್ಲಿ ನಮಗೆ ಬೆನ್ನು ಮಾಡಿ ಕುಳಿತು ಕೂದಲು ಒಣಗಿಸಿಕೊಳ್ಳುತ್ತಿರುವ ಚಿತ್ರ. ಕೂದಲು ಬೂದಿಯ ಬಣ್ಣಕ್ಕಿದೆ. ಕೆಳಗೆ ಅಂಟಿಸಿದ್ದ ಚೀಟಿಯಲ್ಲಿ, ಬದುಕಿಡೀ ಕಪ್ಪನ್ನು ನೆಚ್ಚಿಕೊಂಡಿದ್ದ ಕಲಾವಿದೆ ಕೊನೆಗಾಲದಲ್ಲಿ ಅದನ್ನು ತಾವಾಗಿಯೇ ಬಿಟ್ಟುಕೊಟ್ಟರು ಎಂದು ಅರ್ಥ ಬರುವ ಹಾಗೆ ಬರೆದಿದ್ದರು. ನಾನು ಅದನ್ನು ಎರಡು ಸಲ ಓದಿದೆ. ಹೊರಗೆ ಬಂದು ಬಸ್ಸು ಹಿಡಿದೆ.

ಅವರು ತಾವಾಗಿ ಬಿಟ್ಟುಕೊಡಲಿಲ್ಲ. ಆ ಕಪ್ಪನ್ನು ತೆಗೆದವಳು ನಾನು. ಹೇಗೆ ತೆಗೆದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮಳವಳ್ಳಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೇಡಂ ನಮಗೆ ವಾರಕ್ಕೆ ಎರಡು ಪೀರಿಯಡ್ ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಪರೀಕ್ಷೆ ಹತ್ತಿರ ಬಂದರೆ ಆ ಎರಡನ್ನೂ ಗಣಿತದ ಮೇಷ್ಟ್ರು ತೆಗೆದುಕೊಳ್ಳುತ್ತಿದ್ದರು. ಮೇಡಂ ಬೇಸರ ಮಾಡಿಕೊಳ್ಳದೆ ಬೋರ್ಡು ಒರೆಸಿ ಹೊರಟುಬಿಡುತ್ತಿದ್ದರು. ಮಾವಿನಕಾಯಿ, ಕೊಡ, ವೀಳ್ಯದೆಲೆ ಬರೆಸುವುದಲ್ಲದೆ ಅವರಿಗೆ ಬೇರೊಂದು ಕೆಲಸವಿದೆ ಎಂದು ನಮಗೆ ಗೊತ್ತಾಗಿದ್ದು ಅವರ ಉಗುರುಗಳಿಂದ. ಉಗುರಿನ ಸಂದಿನ ಮಸಿ ಎಂದೂ ಹೋಗುತ್ತಿರಲಿಲ್ಲ.

‘ಮೇಡಮ್ಮು ಬೆಳಗ್ಗೆ ಪಾತ್ರೆ ತಿಕ್ಕಿ ಕೈ ತೊಳ್ಕಂಡಿಲ್ಲ ಕಣ್ರೇ’ ಎಂದು ಹಿಂದಿನ ಬೆಂಚಿನವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಎಷ್ಟೋ ವರ್ಷಗಳ ಮೇಲೆ ನಾನು ಗಂಡನ ಮನೆ ಬಿಟ್ಟು ಬಂದು, ಮಳವಳ್ಳಿಯಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದಾಗ, ಮೇಡಂ ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತು. ನಾನು, ನನ್ನ ತಾಯಿ ಅಲ್ಲಿಗೆ ಬಂದೆವು. ಮೇಡಂಗೆ ಮದುವೆಯಾಗಿರಲಿಲ್ಲ. ಅಷ್ಟು ಹೊತ್ತಿಗೆ ನಿವೃತ್ತಿಯೂ ಆಗಿತ್ತು. ಅವರ ಮನೆಗೆ ಯಾರೂ ಬರುತ್ತಿರಲಿಲ್ಲ. ಬರುತ್ತಿದ್ದುದು ಪೋಸ್ಟು ಮಾತ್ರ. ಚಿತ್ರಗಳನ್ನು ಸುರುಳಿ ಸುತ್ತಿ ದೂರದ ಊರುಗಳ ಪ್ರದರ್ಶನಗಳಿಗೆ ಕಳಿಸುತ್ತಿದ್ದರು. ಹೋದ ಸುರುಳಿಗಳಲ್ಲಿ ಬಹುಪಾಲು ತುದಿ ಜಜ್ಜಿಹೋಗಿ ವಾಪಸು ಬರುತ್ತಿದ್ದವು. ಅವರು ಅವನ್ನು ಬಿಚ್ಚಿ, ಭಾರವಾದ ಪುಸ್ತಕಗಳ ಕೆಳಗಿಟ್ಟು ಸುಕ್ಕು ತೆಗೆದು, ಮತ್ತೆ ಪೆಟ್ಟಿಗೆಯಲ್ಲಿಡುತ್ತಿದ್ದರು. ನಾಲೆಯಲ್ಲಿ ಬಟ್ಟೆ ಒಗೆಯುವವರು, ಕಬ್ಬಿನ ಸೋಗೆ ಹೊತ್ತ ಹೆಂಗಸರು, ಶಿಂಷಾ ನದಿಯ ಬಂಡೆಗಳು, ಖಾಲಿ ಎತ್ತಿನಗಾಡಿ. ಎಲ್ಲವೂ ಕಪ್ಪು. ಎಷ್ಟು ಕಪ್ಪೆಂದರೆ ಕಾಗದದ ಮೇಲೆ ಕೈಯಿಟ್ಟರೆ ಬಟ್ಟೆ ಮುಟ್ಟಿದ ಹಾಗಿರುತ್ತಿತ್ತು.

ಮುಂದಿನ ಕೋಣೆಯಲ್ಲಿ ಅವರ ಯಂತ್ರವಿತ್ತು. ಅದನ್ನು ಅವರು ಗಾಣ ಎನ್ನುತ್ತಿದ್ದರು. ನಿಜಕ್ಕೂ ಅದು ಗಾಣವೇ. ಹಳೆಯ ಕಬ್ಬಿನ ಗಾಣದ ಎರಡು ಕಬ್ಬಿಣದ ಉರುಳೆಗಳನ್ನು ಕೊಂಡು, ಸೋಮನಹಳ್ಳಿಯ ಒಂದು ಲೇತ್ ಅಂಗಡಿಗೆ ಸಾಗಿಸಿ, ಅವುಗಳ ಮೇಲಿನ ಗೀರುಗಳು ಹೋಗುವವರೆಗೆ ನುಣ್ಣಗೆ ಕಡೆಸಿದ್ದರು. ಒಂದರ ಮೇಲೊಂದು ಕೂರಿಸಿ, ನಡುವೆ ಕಬ್ಬಿಣದ ಹಲಗೆ ಹಾಯುವಂತೆ ಮಾಡಿ, ಪಕ್ಕಕ್ಕೆ ದೊಡ್ಡ ಚಕ್ರ ಹಾಕಿಸಿದ್ದರು. ಲೇತ್‌ನವನು ಕೇಳಿದನಂತೆ: ‘ಇದ್ರಲ್ಲಿ ಕಬ್ಬಿನ ಹಾಲೂ ಬರಕಿಲ್ಲ, ಬೆಲ್ಲಾನೂ ಆಗಕಿಲ್ಲ. ಇನ್ನೇನ್ ಬತ್ತದವ್ವಾ?’

‘ಪಟ ಬತ್ತದೆ ಕಣಪ್ಪ.’

‘ಪಟಕ್ಕೆ ಗಾಣ ಯಾಕವ್ವ, ಮದ್ದೂರಲ್ಲಿ ಸ್ಟುಡಿಯೋ ಇಲ್ವ?’

ಈ ಮಾತನ್ನು ಮೇಡಂ ನನಗೆ ಐದಾರು ಸಲ ಹೇಳಿದ್ದಾರೆ. ಹೇಳಿದಾಗಲೆಲ್ಲ ಅವರೊಬ್ಬರೇ ನಗುತ್ತಿದ್ದರು.

ಆ ಚಕ್ರ ತಿರುಗಿಸಲು ಇನ್ನೊಬ್ಬರು ಬೇಕಿತ್ತು. ಅದು ನನ್ನ ಪಾಲಿಗೆ ಬಂತು. ಭಾನುವಾರಗಳಂದು ನಾನು ತಿರುಗಿಸಿದೆ, ಹನ್ನೊಂದು ವರ್ಷ. ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ‘ನಿಧಾನ’, ‘ನಿಲ್ಲಿಸು’, ‘ಈಗ’ ಇಷ್ಟೇ. ಚಿತ್ರ ಕೊರೆದ ತಾಮ್ರದ ತಗಡನ್ನು ಬಿಸಿ ಮಾಡಿ, ಮಸಿ ತೀಡಿ, ಗಂಜಿ ಹಾಕಿದ ಹಳೇ ಬಟ್ಟೆಯಲ್ಲಿ ಒರೆಸಿ, ಕಡೆಗೆ ಅಂಗೈಯಿಂದ ಒರೆಸುತ್ತಿದ್ದರು. ತಗಡಿನ ಮೇಲೆ ಒದ್ದೆ ಕಾಗದ, ಅದರ ಮೇಲೆ ಉಣ್ಣೆಯ ರಗ್ಗು. ನಾನು ಚಕ್ರ ತಿರುಗಿಸಿದಾಗ ಅದೆಲ್ಲ ಉರುಳೆಗಳ ನಡುವೆ ಹೋಗಿ ಆಚೆ ಬರುತ್ತಿತ್ತು. ಅವರು ಕಾಗದದ ಎರಡು ಮೂಲೆ ಹಿಡಿದು ಎತ್ತುವಾಗ ಇಬ್ಬರೂ ಉಸಿರು ಬಿಡುತ್ತಿರಲಿಲ್ಲ.

ಒಂದು ವಿಷಯ ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಆಗಿನ ತಗಡುಗಳೆಲ್ಲ ಆಸಿಡ್ಡಿನಲ್ಲಿ ಅದ್ದಿ ಗೆರೆಗಳನ್ನು ಆಳಕ್ಕೆ ಇಳಿಸಿದಂಥವು. ಅವನ್ನು ಸೀಮೆಎಣ್ಣೆಯಲ್ಲಿ ತೊಳೆದರೂ, ತಿಕ್ಕಿದರೂ ಏನೂ ಆಗುತ್ತಿರಲಿಲ್ಲ. ಹೊಸ ತಾಮ್ರದ ತಗಡು ತಂದಾಗ ಅದರ ಕಂದು ಹೋಗಲೆಂದು ಮೇಡಂ ಹುಣಿಸೆಹಣ್ಣು, ಉಪ್ಪು ಹಾಕಿ ಉಜ್ಜಿಸುತ್ತಿದ್ದರು. ಉಜ್ಜುತ್ತಿದ್ದವಳು ನಾನೇ. ನಾನು ಮಾಡಿದ್ದಕ್ಕೆ ಇದು ಕಾರಣ. ನೆಪ ಎಂದು ಹೇಳುತ್ತಿಲ್ಲ.

ಮೇಡಂ ಊರು ಹೊಳಲು. ಅವರಿಗೊಬ್ಬ ಅಕ್ಕ ಇದ್ದಳು. ಹತ್ತೊಂಬತ್ತಕ್ಕೆ ಜ್ವರ ಬಂದು ಹೋದಳು. ಆಗ ಮೇಡಂಗೆ ಹನ್ನೆರಡು. ಅಕ್ಕನದು ಒಂದೂ ಫೋಟೋ ಇರಲಿಲ್ಲ. ಮದುವೆ ಗೊತ್ತಾದ ಮೇಲೆ ಮಂಡ್ಯಕ್ಕೆ ಕರೆದುಕೊಂಡು ಹೋಗಿ ತೆಗೆಸೋಣ ಎಂದಿದ್ದರಂತೆ. ಮದುವೆ ಗೊತ್ತಾಯಿತು. ಮಂಡ್ಯಕ್ಕೆ ಹೋಗುವ ವಾರ ಜ್ವರ ಬಂತು. ಅಮ್ಮ, ಅಪ್ಪ, ಅಣ್ಣಂದಿರು ಎಲ್ಲರೂ ಹೋದ ಮೇಲೆ ಅಕ್ಕನನ್ನು ಕಣ್ಣಾರೆ ಕಂಡವರು ಮೇಡಂ ಒಬ್ಬರೇ ಉಳಿದರು. ‘ನಾನು ಹೋದ್ರೆ ಅವ್ಳು ಪೂರ್ತಿ ಹೋದ್ಲು ಕಣಮ್ಮ’ ಎಂದಿದ್ದರು ಒಂದು ದಿನ, ಹಾಗೇ ಮಾತಿನ ನಡುವೆ. ಅಕ್ಕನನ್ನು ಬರೆಯಲು ಎಷ್ಟೋ ಸಲ ಕುಳಿತಿದ್ದರಂತೆ. ಮುಖ ಬರುತ್ತಿರಲಿಲ್ಲವಂತೆ.

ಎಪ್ಪತ್ತು ದಾಟಿದ ಮೇಲೆ ಅವರಿಗೆ ಕೆಮ್ಮು ಹಿಡಿಯಿತು. ಆಸಿಡ್ಡಿನ ಹೊಗೆ ಕುಡಿಯಬಾರದೆಂದು ಡಾಕ್ಟರು ಹೇಳಿದರು. ಆಗ ಅವರು ಆಸಿಡ್ಡಿನ ತಟ್ಟೆ ಎತ್ತಿಟ್ಟು, ಉಕ್ಕಿನ ಸೂಜಿಯಿಂದ ನೇರವಾಗಿ ತಾಮ್ರದ ಮೇಲೆ ಗೀರಲು ಶುರುಮಾಡಿದರು. ಆ ಹೊಸ ಕೆಲಸದಲ್ಲಿ ಅಕ್ಕ ಬಂದಳು. ಮುಖ ಅಲ್ಲ, ಬೆನ್ನು. ಎಣ್ಣೆನೀರು ಹಾಕಿಕೊಂಡು ಹಿತ್ತಿಲಲ್ಲಿ ಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರಡಿ ಸಾಂಬ್ರಾಣಿ ಹೊಗೆ ಹಿಡಿಸಿಕೊಳ್ಳುತ್ತಿರುವ ಅಕ್ಕ. ಕೆನ್ನೆಯ ಅಂಚು ಮಾತ್ರ ಕಾಣುತ್ತಿತ್ತು. ಉಳಿದದ್ದೆಲ್ಲ ಕೂದಲು. ಬೇಸಿಗೆಯಲ್ಲಿ ಹಿಡಿದ ಕೆಲಸ ಮಳೆಗಾಲ ಮುಗಿಯುವವರೆಗೆ ನಡೆಯಿತು. ದಿನಕ್ಕೆ ಒಂದು ಬೆರಳಗಲ ಕೂದಲು.

ಒಂದು ಭಾನುವಾರ ಅವರು ನನ್ನ ಕೈ ಹಿಡಿದು ತಗಡಿನ ಮೇಲೆ ಇಟ್ಟರು.

‘ಮೆತ್ತಗೆ. ಏನಾದ್ರೂ ಗೊತ್ತಾಯ್ತದಾ?’

‘ತರಚಿದಂಗಾಯ್ತದೆ ಮೇಡಂ.’

‘ಅದೇ ಬದು. ನೇಗಿಲು ಹೋದಾಗ ಪಕ್ಕಕ್ಕೆ ಮಣ್ಣು ಏಳಕಿಲ್ವ, ಹಂಗೆ ಸೂಜಿ ಹೋದ ಕಡೆ ತಾಮ್ರ ಎದ್ದು ನಿಲ್ತದೆ. ಮಸಿ ಹಿಡಿಯೋದು ಗೆರೆ ಅಲ್ಲ, ಈ ಬದು. ಇದಿದ್ರೆ ಕೂದ್ಲು ಕೂದ್ಲಂಗೆ ಬತ್ತದೆ. ಗಾಣಕ್ಕೆ ಕೊಟ್ಟಾಗೆಲ್ಲ ಒಂಚೂರು ಒಂಚೂರು ಕೂತೋಯ್ತದೆ. ಹತ್ತು ಪಟ ತೆಗೀಬೋದು. ಆಮೇಲೆ ಇಲ್ಲ.’

‘ಒಂದು ತೆಗೆದು ನೋಡಾಣ.’

‘ಬ್ಯಾಡ. ಎಲ್ಲ ಮುಗೀಲಿ. ಬರೀ ನೋಡಕ್ಕೇಂತ ಒಂದನ್ನ ಕಳ್ಕಳಕ್ಕಾಗಕಿಲ್ಲ.’

ಆದ್ದರಿಂದ ಅವರು ಮುದ್ರಿಸಿ ನೋಡಲಿಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗೀರುಗಳಿಗೆ ಬೆರಳಿಂದ ತುಂಬಿ, ಕಿಟಕಿಯ ಹತ್ತಿರ ಹಿಡಿದು ನೋಡುತ್ತಿದ್ದರು. ಮಸಿ ತುಂಬಿದ ತಗಡನ್ನು ಹಾಗೇ ಗೋಡೆಗೆ ಒರಗಿಸಿಡುತ್ತಿದ್ದರು.

ಬದುವಿನ ವಿಷಯ ನನಗೆ ಹೇಳಿದ್ದರು. ನಾನು ಕೇಳಿದ್ದೆ. ಬೆರಳಿಟ್ಟು ನೋಡಿಯೂ ಇದ್ದೆ. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಗೀರುವ ಕೆಲಸ ಮುಗಿದು ಎರಡು ದಿನಕ್ಕೆ ಮೇಡಂ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಸಕ್ಕರೆ ಕಾಯಿಲೆ ಏರಿದ್ದರಿಂದ ಅಲ್ಲೇ ಇಟ್ಟುಕೊಂಡರು. ನಾನು ಎರಡು ದಿನ ರಜ ಹಾಕಿ ಜೊತೆಗಿದ್ದೆ. ಆಮೇಲೆ ಸಂಜೆಯ ಬಸ್ಸಿಗೆ ಹೋಗಿ ಬರುತ್ತಿದ್ದೆ. ವಾರ್ಡಿನಲ್ಲಿ ಉಳಿದ ಮಂಚಗಳ ಸುತ್ತ ಜನ, ಟಿಫನ್ ಕ್ಯಾರಿಯರು, ಗಲಾಟೆ. ಮೇಡಂ ಮಂಚದ ಪಕ್ಕದ ಸ್ಟೂಲು ನಾನು ಹೋಗುವವರೆಗೆ ಖಾಲಿ ಇರುತ್ತಿತ್ತು. ಕೆಲವು ದಿನ ಅದನ್ನೂ ಬೇರೆಯವರು ಎಳೆದುಕೊಂಡು ಹೋಗಿರುತ್ತಿದ್ದರು.

ಕೈ ಕೂಡಿಕೊಳ್ಳುತ್ತದೆ, ಆದರೆ ಸೂಜಿ ಹಿಡಿಯುವ ಹಿಡಿತ ಬರುವುದಿಲ್ಲ ಎಂದು ಡಾಕ್ಟರು ಅವರ ಎದುರೇ ಹೇಳಿದರು. ಮೇಡಂ ನನ್ನ ಕಡೆ ತಿರುಗಿ, ‘ಗೀರೋದು ಮುಗಿದದಲ್ಲ. ಇನ್ನು ಒತ್ತೋದೊಂದೇ. ಅದಕ್ಕೆ ನಿನ್ ಕೈ ಐತೆ’ ಎಂದರು. ‘ಮನೇಗ್ ಬಂದ್ ಕೂಡ್ಲೇ ತೆಗೆಯಾಣ. ಕಾಗದ ಎಲ್ಲ ರೆಡಿ ಮಾಡಿರು.’

ಆ ವಾರ ಆಯುಧಪೂಜೆ. ನನ್ನ ತಾಯಿಗೆ ಅದು ದೊಡ್ಡ ಹಬ್ಬ. ಕುಡುಗೋಲು, ಈಳಿಗೆಮಣೆ, ಕತ್ತರಿ, ನನ್ನ ಹೊಲಿಗೆ ಯಂತ್ರ, ಗ್ಯಾಸ್ ಒಲೆ, ಎಲ್ಲವನ್ನೂ ತೊಳೆದು ಕುಂಕುಮ ಇಡುವವಳು. ಪ್ರತಿ ವರ್ಷ ಮೇಡಂ ಗಾಣಕ್ಕೆ ಒಂದು ಬೊಟ್ಟು ಇಡಲು ಬಿಡುತ್ತಿದ್ದರು, ಅಷ್ಟೇ. ‘ಜಾಸ್ತಿ ಹಚ್ಚಬ್ಯಾಡಿ ಕಣಮ್ಮ, ಕಾಗದಕ್ಕೆ ಹತ್ಕಳ್ತದೆ’ ಎನ್ನುತ್ತಿದ್ದರು. ಆ ವರ್ಷ ಹೇಳುವವರು ಇರಲಿಲ್ಲ. ಅವ್ವ ಬೆಳಿಗ್ಗೆಯೇ ಮುಂದಿನ ಕೋಣೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಅಲ್ಲ ಮಗ, ಓದು ಕಲ್ತೋರ ಮನೆ ಇದು. ತಾಮ್ರ ಹಿಂಗೆ ಮಸಿ ಹಿಡ್ಕಂಡ್ ಕುಂತದಲ್ಲ, ಒಲೆ ಮೇಲಿಂದ ಇಳಿಸ್ದಂಗೆ. ಆಸ್ಪತ್ರೆಯಿಂದ ಬತ್ತಿದ್ದಂಗೇ ಈ ಮೊಕ ನೋಡ್ಬೇಕಾ ಆ ಯಮ್ಮ?’

‘ಅದನ್ನ ಮುಟ್ಟಬ್ಯಾಡ ಕಣವ್ವ, ನಾನ್ ಮಾಡ್ತೀನಿ’ ಎಂದೆ.

ಹೌದು, ಹಾಗೆಂದೆ. ಅವ್ವನ ಕೈಗೆ ಕೊಟ್ಟರೆ ಏನಾದರೂ ಮಾಡಿಯಾಳೆಂದು ನಾನೇ ತೆಗೆದುಕೊಂಡೆ. ಹುಣಿಸೆಹಣ್ಣು ನೆನೆಹಾಕಿದೆ. ಉಪ್ಪು ಸೇರಿಸಿದೆ. ಮೊದಲು ಬೆರಳಿಂದ ಹಚ್ಚಿದೆ. ಮಸಿ ಹೋಗಲಿಲ್ಲ. ಅವ್ವ ದೀಪದ ಕಂಬಗಳಿಗೆಂದು ಇಟ್ಟಿಗೆ ಪುಡಿ ಮಾಡಿಟ್ಟಿದ್ದಳು. ಅದನ್ನು ತೆಂಗಿನ ನಾರಿಗೆ ಹಚ್ಚಿ ಉಜ್ಜಿದೆ. ಕೂದಲಿದ್ದ ಕಡೆಯೇ ಮಸಿ ಜಾಸ್ತಿ ಇತ್ತು, ಅಲ್ಲೇ ಜಾಸ್ತಿ ಉಜ್ಜಿದೆ. ಒಂದು ಗಂಟೆಗಿಂತ ಹೆಚ್ಚಾಯಿತು. ಆ ಹೊತ್ತಿನಲ್ಲಿ ನನಗೆ ಬದುವಿನ ನೆನಪು ಒಂದು ಸಲವೂ ಬರಲಿಲ್ಲ. ನೆನಪಿದ್ದುದು ಆಸ್ಪತ್ರೆಯ ಆ ಖಾಲಿ ಸ್ಟೂಲು. ಅವರು ಬಂದಾಗ ಮನೆ ಬೆಳಕಾಗಿರಬೇಕು ಎಂಬುದೊಂದೇ. ತೊಳೆದು ಬಿಸಿಲಿಗೆ ಹಿಡಿದಾಗ ತಗಡು ಕೆಂಡದ ಹಾಗೆ ಹೊಳೆಯಿತು. ಗಾಣದ ಮೇಲೆ ನಿಲ್ಲಿಸಿ, ಮೂಲೆಗೆ ಅರಿಸಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದೆ. ಅವ್ವ ಬೂದುಗುಂಬಳ ಒಡೆದಳು.

ವಿಜಯದಶಮಿಯ ಮರುದಿನ ಮೇಡಂ ಮನೆಗೆ ಬಂದರು. ಆಟೋದಿಂದ ಇಳಿದವರು ನೇರವಾಗಿ ಮುಂದಿನ ಕೋಣೆಗೆ ಹೋದರು. ಬಾಗಿಲಲ್ಲಿ ನಿಂತರು. ನಾನು ಅವರ ಬ್ಯಾಗು ಹಿಡಿದು ಹಿಂದೆ ನಿಂತಿದ್ದೆ, ಹೊಗಳಿಕೆಗೆ ಕಾಯುತ್ತ.

ಅವರು ಹತ್ತಿರ ಹೋಗಿ ಎಡಗೈಯ ತೋರುಬೆರಳನ್ನು ತಗಡಿನ ಮೇಲೆ ಇಟ್ಟರು. ಮೇಲಿನಿಂದ ಕೆಳಕ್ಕೆ ಎಳೆದರು. ಮತ್ತೊಂದು ಸಲ ಎಳೆದರು. ಅವರ ಬೆರಳು ಎಲ್ಲೂ ತಡೆಯದೆ ಜಾರಿದ್ದನ್ನು ನಾನು ನೋಡಿದೆ. ಆಗ ನನಗೆ ಗೊತ್ತಾಯಿತು. ಬ್ಯಾಗು ಕೆಳಗಿಟ್ಟೆ.

‘ಯಾರು ಉಜ್ಜಿದ್ದು?’

‘ನಾನೇ ಮೇಡಂ.’

‘ಯಾತ್ರಲ್ಲಿ?’

‘ಹುಣಸೇಹಣ್ಣು. ಉಪ್ಪು.’

‘ಅದಕ್ಕೇ ಹಿಂಗಾಗಕಿಲ್ಲ.’

‘ಇಟ್ಟಿಗೆ ಪುಡಿ ಹಾಕ್ದೆ. ನಾರಲ್ಲಿ.’

ಅಷ್ಟರಲ್ಲಿ ಅವ್ವ ಕಾಫಿ ತಂದಳು. ‘ಹೆಂಗ್ ಫಳಫಳ ಅಂತದೆ ನೋಡಿ ಮೇಡಮ್ನೋರೇ! ನಮ್ ಮಗ ಒಂದೇ ಸಮ ಉಜ್ಜವ್ಳೆ, ಅವಳ ಮದ್ವೆ ಪಾತ್ರೆನೂ ಹಂಗ್ ಉಜ್ಜಿರ್ನಿಲ್ಲ.’

‘ಹೂಂ ಕಣಮ್ಮ’ ಎಂದರು ಮೇಡಂ. ‘ಚೆನ್ನಾಗ್ ಉಜ್ಜವ್ಳೆ.’

ಕಾಫಿ ಕುಡಿದರು. ನನ್ನ ತಾಯಿಗೆ ಈ ವಿಷಯ ಇವತ್ತಿನವರೆಗೂ ಗೊತ್ತಿಲ್ಲ.

ಆಮೇಲೆ ಒಂದು ತಿಂಗಳು ಮುಂದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಗಾಣದ ಮೇಲಿನ ಹಾರ ಒಣಗಿ ಅಲ್ಲೇ ಉದುರಿತು. ನಾನು ಎರಡು ಹೊತ್ತೂ ಊಟ ತೆಗೆದುಕೊಂಡು ಹೋಗುತ್ತಿದ್ದೆ. ಮುದ್ದೆ ಮುರಿದು ಸಾರಿಗೆ ಹಾಕಿಕೊಟ್ಟರೆ ಎಡಗೈಯಲ್ಲಿ ತಿನ್ನುತ್ತಿದ್ದರು. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ. ಹಾಗೆ ಬೀಳಲು ಅವರು ಜಾಗವನ್ನೇ ಕೊಡಲಿಲ್ಲ. ‘ಉಪ್ಪು ಸರಿಯಾಗದೆ’, ‘ನಾಳೆ ಮಜ್ಜಿಗೆ ಸಾಕು’, ಇಷ್ಟು ಮಾತು. ನಾನು ಒಳಗೆ ಬಂದು ಗೋಡೆ ನೋಡಿಕೊಂಡು ಕೂರುತ್ತಿದ್ದೆ. ಗೋಡೆಯಾಚೆ ಅವರೂ ಹಾಗೇ ಕೂತಿದ್ದರೆಂದು ಕಾಣುತ್ತದೆ. ಕುರ್ಚಿ ಸರಿಸಿದ ಸದ್ದೂ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರೇ ಕರೆದರು. ‘ಬಾ. ತೆಗೆಯಾಣ.’

‘ಮೇಡಂ...’

‘ಏನ್ ಉಳಿದದೆ ನೋಡಾಣ ಬಾ.’

ತಗಡು ಬಿಸಿ ಮಾಡಿದೆ. ಮಸಿ ತೀಡಿದೆ. ಬಟ್ಟೆಯಲ್ಲಿ ಒರೆಸುವಾಗ ಅವರು ಪಕ್ಕದಲ್ಲಿ ನಿಂತು ‘ಸಾಕು, ಅಲ್ಲಿ ಒರೆಸಬ್ಯಾಡ’ ಎನ್ನುತ್ತಿದ್ದರು. ಎಷ್ಟು ಕಡಿಮೆ ಒರೆಸಿದರೂ ಕೂದಲಿನ ಜಾಗದಿಂದ ಮಸಿ ಜಾರಿ ಬಟ್ಟೆಗೆ ಬರುತ್ತಿತ್ತು. ಕಾಗದ ಹಾಸಿ, ರಗ್ಗು ಮುಚ್ಚಿ, ಚಕ್ರ ತಿರುಗಿಸಿದೆ. ಕಾಗದ ಎತ್ತಲು ಅವರಿಗೆ ಒಂದೇ ಕೈ ಇತ್ತು. ಒಂದು ಮೂಲೆ ಅವರು ಹಿಡಿದರು, ಇನ್ನೊಂದು ನಾನು.

ಸೀರೆಯ ಮಡಿಕೆಗಳು ಬಂದಿದ್ದವು. ಬುಟ್ಟಿಯ ಹೆಣಿಗೆ ಬಂದಿತ್ತು. ಕೆನ್ನೆಯ ಅಂಚು ಇತ್ತು. ಕೂದಲು ಮಾತ್ರ ತೆಳ್ಳನೆಯ ಗೆರೆಗಳಾಗಿ, ಬೂದಿ ಬಳಿದ ಹಾಗೆ, ಅಲ್ಲಲ್ಲಿ ಬಿಳಿಯಾಗಿಯೇ ಇತ್ತು. ಬೆನ್ನು ಹತ್ತೊಂಬತ್ತರ ಹುಡುಗಿಯದು. ತಲೆ ಮುದುಕಿಯದು.

ಮೇಡಂ ಕಿಟಕಿಯ ಬಳಿ ನಿಂತು ಬಹಳ ಹೊತ್ತು ನೋಡಿದರು. ‘ಅಕ್ಕಂಗೆ ನರೆ ಬಂದ್ಬುಡ್ತು’ ಎಂದರು.

‘ಇನ್ನೊಂದು ತೆಗೆದು ನೋಡಾಣ ಮೇಡಂ. ಮಸಿ ದಪ್ಪಗೆ ಹಾಕಿ...’

‘ಸಾಕು.’

ಅವರು ಎಲ್ಲ ಚಿತ್ರಗಳ ಕೆಳಗೂ ಪೆನ್ಸಿಲ್‌ನಲ್ಲಿ ಸಹಿ ಹಾಕುತ್ತಿದ್ದವರು. ಇದಕ್ಕೆ ಹಾಕಲಿಲ್ಲ. ಒಣಗಿದ ಮೇಲೆ ‘ನೀನೇ ಇಟ್ಕೋ’ ಎಂದು ಕೊಟ್ಟರು. ತಗಡನ್ನೂ ಕೊಟ್ಟರು. ಆಮೇಲೆ ಗಾಣ ತಿರುಗಲಿಲ್ಲ.

ಅದಾದ ಮೇಲೆ ಅವರು ನಾಲ್ಕು ವರ್ಷ ಇದ್ದರು. ಕೊನೆಯ ಚಳಿಗಾಲದಲ್ಲಿ ಅವರ ಕಣ್ಣು ಮಂಜಾಗಿತ್ತು. ಒಂದು ಮಧ್ಯಾಹ್ನ ಹಿತ್ತಿಲ ಜಗಲಿಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ಅವರು ಕೈ ನಿಲ್ಲಿಸಿದರು.

‘ಒಂದ್ ಮಾತು ಕೇಳ್ತೀನಿ. ಅಳಬ್ಯಾಡ.’

‘ಕೇಳಿ ಮೇಡಂ.’

‘ಅಕ್ಕ ಈಗ ನೆನಪಿಗೆ ಬರೋದೇ ನರೆಗೂದ್ಲಲ್ಲಿ. ಎಷ್ಟ್ ಕಣ್ ಮುಚ್ಚುದ್ರೂ ಅದೇ ಬತ್ತದೆ, ಆ ಪಟ. ಮೊದ್ಲು ಹಿಂಗಿರ್ನಿಲ್ಲ. ಅವ್ಳಿಗೆ ಒಂದೂ ನರೆ ಇರ್ನಿಲ್ಲ ಅಂತ ಗೊತ್ತದೆ ನಂಗೆ. ಗೊತ್ತಿದ್ರೇನು, ಕಾಣಕಿಲ್ಲ.’

ಅವರು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು.

‘ಮಸಿ ತುಂಬಿ ಇಟ್ಟಿದ್ದಾಗ ಅವಳ ಕೂದ್ಲು ನೋಡಿದ್ದೋಳು ನಾನ್ ಬುಟ್ರೆ ನೀನೊಬ್ಳೇ. ಹೆಂಗಿತ್ತು ಹೇಳು.’

ನಾನು ನೆನಪು ಮಾಡಿಕೊಂಡೆ. ಬುಟ್ಟಿ ಹೇಗಿತ್ತು ಹೇಳಿದೆ. ಸೆರಗು ಎಡಗಡೆ ನೆಲಕ್ಕೆ ಬಿದ್ದಿತ್ತು ಎಂದೆ. ಕತ್ತಿನ ಹತ್ತಿರ ಒಂದು ದಾರ ಕಾಣುತ್ತಿತ್ತು ಎಂದೆ.

‘ಅದೆಲ್ಲ ಈಗ್ಲೂ ಐತಲ್ಲ ಪಟದಲ್ಲಿ. ಕೂದ್ಲು ಹೇಳು.’

‘ಕಪ್ಪಗಿತ್ತು ಮೇಡಂ.’

‘ಕಪ್ಪಗೆ ಅಂದ್ರೆ? ಬೆಳಕು ಎಲ್ಲಿ ಬಿದ್ದಿತ್ತು? ತುದಿ ಸುರುಳಿ ಸುತ್ಕಂಡಿತ್ತಾ, ನೆಟ್ಟಗಿತ್ತಾ?’

ಮಳೆಗಾಲವಿಡೀ ಆ ತಗಡು ನನ್ನ ಕಣ್ಣೆದುರಿಗಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ನನ್ನ ಮುಖದ ಹತ್ತಿರವೇ ಹಿಡಿದುಕೊಂಡಿದ್ದೆ. ಆಗ ನಾನು ನೋಡಿದ್ದು ಮಸಿ ಹೋಯಿತೋ ಇಲ್ಲವೋ ಎಂಬುದನ್ನು. ಬೆಳಕು ಎಲ್ಲಿ ಬಿದ್ದಿತ್ತೋ ನನಗೆ ಗೊತ್ತಿರಲಿಲ್ಲ. ಸುಳ್ಳು ಹೇಳಬಹುದಿತ್ತು.

‘ಕಪ್ಪಗಿತ್ತು’ ಎಂದೆ ಮತ್ತೆ.

ಮೇಡಂ ಮೊರದಿಂದ ಇನ್ನೊಂದು ಕಾಯಿ ಎತ್ತಿಕೊಂಡರು. ಸುಲಿಯಲಿಲ್ಲ. ನಾನು ಮುಂದಕ್ಕೆ ಹೇಳುತ್ತೇನೆಂದು ನನ್ನ ಕಡೆ ಮುಖ ಮಾಡಿ ಕೂತೇ ಇದ್ದರು.